ನಾಲ್ಕು ದಿನಕ್ಕೆ ಸಾಕಾದ ಸೇನೆ ನಾಲ್ಕು ವರ್ಷಕ್ಕೆ ಸಾಕಾಗುತ್ತಾ? ರಕ್ಷಣಾ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,
ಭಾರತ ಸರ್ಕಾರ, ನವದೆಹಲಿ.

ನಮಸ್ಕಾರ ಸರ್. ಜೈ ಹಿಂದ್.

ನಾನು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವನು. 1996ರಲ್ಲಿ ಸೇನೆಗೆ ಸೇರಿದೆ. ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಇಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ತರಬೇತಿ ಆಯಿತು. 24 ವರ್ಷ ದುಡಿದು, 2020ರ ಜನವರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತನಾಗಿ ಊರಿಗೆ ಬಂದೆ. ಈಗ ಎರಡು ಎಕರೆ ಕಬ್ಬು, ಮನೆ ಖರ್ಚಿಗೆ ಒಂದಿಷ್ಟು ಭತ್ತ. ದಿನಾ ಬೆಳಿಗ್ಗೆ ಐದು ಗಂಟೆಗೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಸುತ್ತಲಿನ ಹಳ್ಳಿ ಹುಡುಗರನ್ನು ಓಡಿಸುತ್ತೇನೆ. ಸೇನೆಗೆ ಸೇರಬೇಕು ಅನ್ನೋ ಆಸೆ ಇರುವ ಹುಡುಗರು. ಅವರಿಂದ ದುಡ್ಡು ತಗೊಳ್ಳಲ್ಲ.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹಿಂದಿ ನನಗೆ ಚೆನ್ನಾಗಿ ಬರುತ್ತೆ, 24 ವರ್ಷ ಅದರಲ್ಲೇ ವರದಿ ಕೊಟ್ಟಿದ್ದೇನೆ. ಆದರೆ ಇದನ್ನು ನಮ್ಮ ಹುಡುಗರು, ಅವರ ಅಪ್ಪ ಅಮ್ಮಂದಿರು ಓದಬೇಕು. ಮಂಡ್ಯ, ಮೈಸೂರಿನ ಸಂಸದರೂ ಓದಬೇಕು. ಅವರೇ ಇದನ್ನು ತಮ್ಮ ಕೈಗೆ ತಲುಪಿಸಲಿ ಅಂತ ಕೇಳಿಕೊಳ್ಳುತ್ತೇನೆ.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ನಮ್ಮ ಊರಿನ ಟೀ ಅಂಗಡಿಯಲ್ಲಿ ಕೂರೋಕೆ ಜಾಗ ಇರಲಿಲ್ಲ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದವರಿಗೆ ಉತ್ತರ ಕೊಟ್ಟಾಯಿತು ಅಂತ ಎಲ್ಲರಿಗೂ ಸಮಾಧಾನ. 7ನೇ ತಾರೀಖು ಶುರುವಾಗಿದ್ದು 10ಕ್ಕೆ ನಿಂತಿತು. ನಾಲ್ಕೇ ದಿನ. ನನಗೂ ಹೆಮ್ಮೆ ಆಯಿತು. ಮಾರನೇ ದಿನ ಬೆಳಿಗ್ಗೆ ಓಟ ಮುಗಿಸಿ ಏರಿ ಮೇಲೆ ಕೂತಿದ್ದಾಗ ಒಬ್ಬ ಹುಡುಗ ಕೇಳಿದ. ಅವನು ಮೊಬೈಲ್‌ನಲ್ಲಿ ಉಕ್ರೇನ್ ಯುದ್ಧದ ವಿಡಿಯೋ ನೋಡ್ತಾ ಇರೋನು. "ಮಾವ, ಇದೇ ನಾಲ್ಕು ವರ್ಸ ನಡೆದ್ರೆ ನಮ್ಮತ್ರ ಅಷ್ಟು ಜನ ಅವ್ರಾ?"

ಅವನಿಗೆ ಏನೋ ಒಂದು ಹೇಳಿ ಎದ್ದು ಬಂದೆ. ಆದರೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಅವನ ಪ್ರಶ್ನೆಯನ್ನೇ ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ದೊಡ್ಡ ಸೇನೆ, ಅದರಲ್ಲಿ ಅನುಮಾನ ಇಲ್ಲ. ಭೂಸೇನೆಯಲ್ಲೇ ಸುಮಾರು 12 ಲಕ್ಷ ಜನ. ಲೆಕ್ಕಕ್ಕೆ ಚೀನಾದ ಭೂಸೇನೆಗಿಂತಲೂ ನಮ್ಮದು ಜಾಸ್ತಿ. ಆದರೆ ನಮ್ಮ ಕಡೆಯವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು ಅಂತ ಪೇಪರ್‌ನಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತೆ. ಅದೇ ವರ್ಷ ನಾಲೆಯ ಕೊನೇ ಭಾಗದ ರೈತ ರಾತ್ರಿಯೆಲ್ಲಾ ಟಾರ್ಚ್ ಹಿಡಿದು ತೂಬಿನ ಹತ್ತಿರ ಕಾಯ್ತಾನೆ. ಅವನ ಗದ್ದೆಗೆ ನೀರು ಬರಲ್ಲ. ಕಟ್ಟೆಯಲ್ಲಿ ಎಷ್ಟಿದೆ ಅನ್ನೋದು ಒಂದು ಲೆಕ್ಕ. ಕೊನೇ ಗದ್ದೆಗೆ ಎಷ್ಟು ಬರುತ್ತೆ ಅನ್ನೋದು ಬೇರೆ ಲೆಕ್ಕ. 12 ಲಕ್ಷ ಅನ್ನೋದು ಕಟ್ಟೆಯ ಲೆಕ್ಕ ಸರ್.

ಆ 12 ಲಕ್ಷ ಎಲ್ಲೆಲ್ಲಿ ಹರಿದು ಹೋಗುತ್ತೆ ಅಂತ ನೋಡೋಣ. ಪಾಕಿಸ್ತಾನದ ಕಡೆ ಸುಮಾರು 740 ಕಿಲೋಮೀಟರ್ ನಿಯಂತ್ರಣ ರೇಖೆ. ಅಲ್ಲಿ ಹಗಲೂ ರಾತ್ರಿ ಕಾವಲು. ಚೀನಾದ ಕಡೆ 3,488 ಕಿಲೋಮೀಟರ್. ಸಿಯಾಚಿನ್‌ನಲ್ಲಿ 1984ರ ಏಪ್ರಿಲ್‌ನಿಂದ ಒಂದು ದಿನವೂ ಬಿಡದೆ ಇದ್ದೇವೆ. ಕಾಶ್ಮೀರದಲ್ಲಿ ಉಗ್ರರ ವಿರುದ್ಧ ರಾಷ್ಟ್ರೀಯ ರೈಫಲ್ಸ್. ಈಶಾನ್ಯದಲ್ಲಿ ಬೇರೆ ಕೆಲಸ. ಇವುಗಳ ಹಿಂದೆ ಅಡುಗೆ, ರಿಪೇರಿ, ಆಸ್ಪತ್ರೆ, ಲಾರಿ, ಸಿಗ್ನಲ್, ಸ್ಟೋರ್. ಬಂದೂಕು ಹಿಡಿದು ಮುಂದೆ ನಿಂತವನು ಒಬ್ಬನಾದರೆ ಅವನನ್ನು ಅಲ್ಲಿ ನಿಲ್ಲಿಸೋಕೆ ಹಿಂದೆ ಹಲವರು ಬೇಕು.

ಬೆಟ್ಟದ ಮೇಲಂತೂ ಈ ಲೆಕ್ಕ ಇನ್ನೂ ಕೆಡುತ್ತೆ. ಬಯಲು ಸೀಮೆಯ ಹುಡುಗನನ್ನು ವಿಮಾನದಲ್ಲಿ ಲೇಹ್‌ಗೆ ಇಳಿಸಿ ಮಾರನೇ ದಿನ ಪೋಸ್ಟ್‌ಗೆ ಕಳಿಸೋಕೆ ಆಗಲ್ಲ. ಮೊದಲು 6 ದಿನ ಅವನ ದೇಹ ಗಾಳಿಗೆ ಒಗ್ಗಬೇಕು. 12,000 ಅಡಿ ದಾಟಿದರೆ ಇನ್ನೂ 4 ದಿನ. 15,000 ದಾಟಿದರೆ ಮತ್ತೆ 4 ದಿನ. ಆತುರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಹುಡುಗ ಅಲ್ಲೇ ಹೋಗ್ತಾನೆ. ನಾನು ಮೊದಲ ಸಲ ಲಡಾಖ್‌ಗೆ ಹೋದಾಗ ಶೂ ಲೇಸ್ ಕಟ್ಟೋಕೆ ಬಗ್ಗಿದರೂ ಉಸಿರು ಸಿಗುತ್ತಿರಲಿಲ್ಲ. ಹಾಗಾಗಿ ಮೇಲೆ ಒಬ್ಬ ನಿಂತಿದ್ದಾನೆ ಅಂದರೆ ಇನ್ನೊಬ್ಬ ದಾರಿಯಲ್ಲಿ ಒಗ್ಗುತ್ತಾ ಇರಬೇಕು, ಮತ್ತೊಬ್ಬ ಕೆಳಗೆ ಸುಧಾರಿಸಿಕೊಳ್ಳುತ್ತಾ ಇರಬೇಕು.

2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಜನ ಹುತಾತ್ಮರಾದರು. ಆಮೇಲೆ ಪೂರ್ವ ಲಡಾಖ್‌ಗೆ ಒಂದೊಂದು ಕಡೆಯಿಂದಲೂ ಐವತ್ತು ಸಾವಿರದಷ್ಟು ಸೈನಿಕರು ಬಂದು ನಿಂತರು. ನಮ್ಮ ಸೈನಿಕರು ಎಲ್ಲಿಂದ ಬಂದರು? ಜಮ್ಮು ಭಾಗದಲ್ಲಿದ್ದ ರಾಷ್ಟ್ರೀಯ ರೈಫಲ್ಸ್‌ನ ಒಂದು ಫೋರ್ಸನ್ನೇ ಅಲ್ಲಿಂದ ತೆಗೆದು ಲಡಾಖ್‌ಗೆ ಕಳಿಸಿದರು. 2021ರಿಂದ ಪೂಂಚ್, ರಜೌರಿ, ರಿಯಾಸಿ ಕಡೆ ಮತ್ತೆ ಉಗ್ರರ ದಾಳಿ ಜಾಸ್ತಿ ಆಯಿತು. ಅಲ್ಲಿಗೆ ಪುನಃ ಬೇರೆ ಕಡೆಯಿಂದ ಸೈನಿಕರನ್ನು ಕಳಿಸಬೇಕಾಯಿತು. ದಾಳಿಗೆ ಬೇರೆ ಕಾರಣಗಳೂ ಇರಬಹುದು. ಆದರೂ ತಲೆಗೆ ಹೊದ್ದರೆ ಕಾಲಿಗಿಲ್ಲ, ಕಾಲಿಗೆ ಹೊದ್ದರೆ ತಲೆಗಿಲ್ಲ ಅನ್ನೋ ಸ್ಥಿತಿ ಅದು. ಅದೂ ಯುದ್ಧವೇ ಆಗದೆ ಇದ್ದಾಗ. ಎರಡೂ ಗಡಿಯಲ್ಲಿ ಒಂದೇ ಸಲ ಹೊತ್ತಿಕೊಂಡರೆ ಯಾರನ್ನು ಎಲ್ಲಿಂದ ತೆಗೆಯುತ್ತೀರಿ?

ಈ ಚಿಂತೆ ನನ್ನೊಬ್ಬನದೇ ಅಲ್ಲ. ಚೀನಾ ಗಡಿಗೆ ಅಂತಲೇ ಹೊಸದೊಂದು ಪರ್ವತ ದಾಳಿ ಕೋರ್ (ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ಕಟ್ಟೋಕೆ 2013ರಲ್ಲಿ ಆಗಿನ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ಸುಮಾರು 90 ಸಾವಿರ ಸೈನಿಕರು, 64 ಸಾವಿರ ಕೋಟಿ ರೂಪಾಯಿ ಅಂತ ಅಂದಾಜು. ಒಂದು ಡಿವಿಷನ್ ಕಟ್ಟೋ ಹೊತ್ತಿಗೆ ಹಣ ಇಲ್ಲ ಅಂತ ಕೆಲಸ ನಿಂತಿತು. 1962ರ ಸೋಲಿನ ನಂತರ ಹೀಗೆ ಆಗಲಿಲ್ಲ. ಆಗ ದೇಶ ಇವತ್ತಿಗಿಂತ ಎಷ್ಟೋ ಬಡವಾಗಿತ್ತು. ಆದರೂ ಸೇನೆಯನ್ನು 8.25 ಲಕ್ಷಕ್ಕೆ ಏರಿಸಬೇಕು, 10 ಪರ್ವತ ಡಿವಿಷನ್ ಕಟ್ಟಬೇಕು ಅಂತ ತೀರ್ಮಾನ ಮಾಡಿದರು, ಮಾಡಿ ತೋರಿಸಿದರು. 1971ರಲ್ಲಿ 13 ದಿನದಲ್ಲಿ ಢಾಕಾ ನಮ್ಮ ಕೈಗೆ ಬಂತು, 93 ಸಾವಿರ ಜನ ಶರಣಾದರು. ಆ ಗೆಲುವಿನ ತಯಾರಿ 1963ರಲ್ಲೇ ಶುರುವಾಗಿತ್ತು.

ಇನ್ನು ನಾನೇ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತು. ಸೇನೆಗೆ ಗಡಿಗೆ ಹೋಗಿ ಅಂತ ಆದೇಶ ಬಂತು. ಆಪರೇಷನ್ ಪರಾಕ್ರಮ್. ಸುಮಾರು ಹತ್ತು ತಿಂಗಳು ಅಲ್ಲೇ ನಿಂತಿದ್ದೆವು. ನಮ್ಮ ಕಂಪನಿ ರಾಜಸ್ಥಾನದ ಗಡಿಯಲ್ಲಿತ್ತು. ನಮ್ಮ ಕೆಲಸ ಮೈನ್, ಅಂದರೆ ನೆಲಬಾಂಬ್ ಹಾಕೋದು. ಆಮೇಲೆ ಅವೇ ಮೈನ್ ತೆಗೆಯೋದು. ಹಾಕೋದಕ್ಕಿಂತ ತೆಗೆಯೋದೇ ಕಷ್ಟ. ಮರಳು ಗಾಳಿಗೆ ಜರುಗುತ್ತೆ. ಒಂದು ಗೇಣು ಆಳದಲ್ಲಿ ಇಟ್ಟದ್ದು ನಾಲ್ಕು ತಿಂಗಳಾದ ಮೇಲೆ ಮೊಳದ ಆಳದಲ್ಲಿರುತ್ತೆ, ಇಲ್ಲಾ ಮೇಲಕ್ಕೇ ಬಂದಿರುತ್ತೆ. ನಕ್ಷೆಯಲ್ಲಿ ಒಂದು ಕಡೆ ಇದ್ದರೆ ನೆಲದಲ್ಲಿ ಇನ್ನೊಂದು ಕಡೆ. ಹೊಟ್ಟೆ ಮೇಲೆ ಮಲಗಬೇಕು. ಪ್ರಾಡರ್ ಅಂತ ಒಂದು ಕಂಬಿ ಇರುತ್ತೆ. ಅದನ್ನು ಓರೆಯಾಗಿ, ಮೂವತ್ತು ಡಿಗ್ರಿಯಲ್ಲಿ, ಇಂಚಿಂಚಿಗೂ ಚುಚ್ಚುತ್ತಾ ಮುಂದೆ ಹೋಗಬೇಕು. ನೇರವಾಗಿ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗುತ್ತೆ. ಕಂಬಿಯ ತುದಿಗೆ ತಾಗಿದ್ದು ಕಲ್ಲೋ, ಪ್ಲಾಸ್ಟಿಕ್ಕೋ ಅಂತ ಕೈಗೆ ತಿಳಿಯಬೇಕು. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ. ಬರೀ ಕೈ.

ನನ್ನ ಕೈಗೆ ಅದು ತಿಳಿಯೋಕೆ ಆರು ವರ್ಷ ಬೇಕಾಯಿತು. ನನ್ನ ಎಡಗಡೆ ಸಾಲಿನಲ್ಲಿದ್ದ ಹುಡುಗ ಸೇನೆಗೆ ಸೇರಿ ಎರಡು ವರ್ಷ ಆಗಿತ್ತು. ತಮಿಳುನಾಡಿನವನು. ಧೈರ್ಯಕ್ಕೆ ಕಡಿಮೆ ಇರಲಿಲ್ಲ, ಕೆಲಸಕ್ಕೂ ಸೋಮಾರಿ ಅಲ್ಲ. ಒಂದು ಮಧ್ಯಾಹ್ನ ಅವನ ಬಲಗಾಲಿನ ಪಾದ ಹೋಯಿತು. ಅವನನ್ನು ಹೊತ್ತುಕೊಂಡು, ತೆರವಾಗಿದ್ದ ದಾರಿಯ ಬಿಳಿ ಪಟ್ಟಿಯ ಮೇಲೇ ಹೆಜ್ಜೆ ಇಡುತ್ತಾ ಹಿಂದೆ ಬಂದೆವು. ಅಷ್ಟು ನೋವಿನಲ್ಲೂ ಅವನು ನನ್ನ ಕಾಲ ಕಡೆಗೇ ನೋಡುತ್ತಿದ್ದ. ನಾನು ಪಟ್ಟಿ ಬಿಟ್ಟು ಆಚೆ ಕಾಲಿಟ್ಟೇನು ಅಂತ ಅವನಿಗೆ ಭಯ.

ಸೇನೆಯ ಗಾತ್ರ ಅಂದಾಗಲೆಲ್ಲಾ ನನಗೆ ಆ ದಿನ ನೆನಪಾಗುತ್ತೆ. ತಲೆ ಎಣಿಸಿದರೆ ನಾವಿಬ್ಬರೂ ಒಂದೊಂದೇ ಲೆಕ್ಕ. ಆದರೆ ಯುದ್ಧದಲ್ಲಿ ಆರು ವರ್ಷದ ಕೈ ಬೇರೆ, ಎರಡು ವರ್ಷದ ಕೈ ಬೇರೆ. ದೊಡ್ಡ ಯುದ್ಧದಲ್ಲಿ ಮೊದಲ ತಿಂಗಳಲ್ಲೇ ಆರು ವರ್ಷದ ಕೈಗಳು ಖರ್ಚಾಗುತ್ತವೆ. ಅವರ ಜಾಗಕ್ಕೆ ಯಾರು ಬರುತ್ತಾರೆ ಅನ್ನೋದರ ಮೇಲೆ ಎರಡನೇ ವರ್ಷ ನಿಂತಿರುತ್ತೆ.

ಈಗ ಭರ್ತಿಯ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಊರುಗಳ ನೋವು. ಸೇನೆಯ ಲೆಕ್ಕಕ್ಕೂ ಇದರಿಂದಲೇ ಪೆಟ್ಟು ಬಿದ್ದಿದೆ.

2018-19ರಲ್ಲಿ ಭೂಸೇನೆಗೆ 53,431 ಜನ ಸೇರಿದ್ದರು. 2019-20ರಲ್ಲಿ 80,572. ಆಮೇಲೆ ಕೊರೋನ ಬಂತು. 2020-21, 2021-22, ಎರಡು ವರ್ಷ ಭರ್ತಿಯೇ ಇಲ್ಲ. ಕೊರೋನಕ್ಕೆ ಭರ್ತಿ ನಿಂತಿತು, ನಿವೃತ್ತಿ ನಿಲ್ಲಲಿಲ್ಲ. ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು ಜನ ಮನೆಗೆ ಬರುತ್ತಲೇ ಇದ್ದರು. 2022ರಲ್ಲಿ ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆ ಬಂದಾಗ ಭೂಸೇನೆಗೆ ತೆಗೆದುಕೊಂಡಿದ್ದು 40 ಸಾವಿರದ ಲೆಕ್ಕ. 2023ರ ಮಾರ್ಚ್‌ನಲ್ಲಿ ತಮ್ಮ ಸಚಿವಾಲಯವೇ ರಾಜ್ಯಸಭೆಯಲ್ಲಿ ಹೇಳಿದ ಪ್ರಕಾರ ಭೂಸೇನೆಯಲ್ಲಿ ಸುಮಾರು 1.36 ಲಕ್ಷ ಜಾಗ ಖಾಲಿ ಇತ್ತು. ಒಂದು ಲಕ್ಷಕ್ಕೂ ಜಾಸ್ತಿ ಸರ್! ನೇಪಾಳದ ಗೂರ್ಖಾ ಹುಡುಗರ ಭರ್ತಿಯೂ ನಿಂತುಹೋಗಿದೆ. 1947ರ ಒಪ್ಪಂದದ ಮೇಲೆ ಬರುತ್ತಿದ್ದವರು. ಅಗ್ನಿಪಥವನ್ನು ನೇಪಾಳ ಒಪ್ಪಲಿಲ್ಲ.

ಆ ಎರಡು ವರ್ಷದಲ್ಲಿ ನಮ್ಮ ಏರಿ ಮೇಲೆ ಏನಾಯಿತು ಅಂತ ಹೇಳಬೇಕು. ನಮ್ಮ ಪಕ್ಕದ ಬೀದಿಯ ಒಬ್ಬ ಹುಡುಗ. ಅಪ್ಪ ಇಲ್ಲ. ಅಮ್ಮ ಕಬ್ಬು ಕಡಿಯೋ ಕೂಲಿಗೆ ಹೋಗ್ತಾರೆ. 1.6 ಕಿಲೋಮೀಟರ್ ಓಟವನ್ನು 5 ನಿಮಿಷ 10 ಸೆಕೆಂಡ್‌ನಲ್ಲಿ ಮುಗಿಸುತ್ತಿದ್ದ. ಎರಡು ತೆಂಗಿನ ಮರದ ನಡುವೆ ಹಳೇ ಬೋರ್‌ವೆಲ್ ಪೈಪ್ ಕಟ್ಟಿ ಬೀಮ್ ಮಾಡಿದ್ದೇವೆ. ಅದರ ಮೇಲೆ ಹತ್ತು ಪುಲ್-ಅಪ್ ಹೊಡೆದರೆ ಪೂರ್ತಿ ಅಂಕ, ಅವನು ಹದಿನಾಲ್ಕು ಹೊಡೆಯುತ್ತಿದ್ದ. ಒಂದು ಭರ್ತಿ ರ್ಯಾಲಿಯಲ್ಲಿ ಓಟ ಪಾಸ್, ಮೆಡಿಕಲ್ ಪಾಸ್. ಇನ್ನು ಲಿಖಿತ ಪರೀಕ್ಷೆ ಒಂದೇ ಬಾಕಿ. ಅಡ್ಮಿಟ್ ಕಾರ್ಡ್ ಸಿಕ್ಕಿತು. ಪರೀಕ್ಷೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ವಿಚಾರಿಸೋಕೆ ಹೋದರೆ ಕಚೇರಿಯಲ್ಲಿ ಕಾಯಿರಿ ಅಂದರು. 2022ರ ಜೂನ್ 14ರಂದು ಅಗ್ನಿಪಥ ಘೋಷಣೆ ಆಯಿತು. ಆ ಪರೀಕ್ಷೆ ರದ್ದು, ಎಲ್ಲಾ ಮೊದಲಿಂದ ಅಂದರು. ಆ ಒಂದು ವರ್ಷಕ್ಕೆ ವಯಸ್ಸನ್ನು 23ಕ್ಕೆ ಏರಿಸಿದ್ದು ನಿಜ. ಅವನಿಗೆ 23 ದಾಟಿ ಎರಡು ತಿಂಗಳಾಗಿತ್ತು.

ಅವನು ಒಂದು ಮಾತು ಹೇಳಿದ. "ವಯಸ್ಸು ನಿಲ್ಲಾಕಿಲ್ವಲ್ಲ ಮಾವ, ನಾನೇನ್ ಮಾಡ್ಲಿ?" ಅವನ ಅಡ್ಮಿಟ್ ಕಾರ್ಡ್ ಈಗಲೂ ಅವರ ಮನೆ ದೇವರ ಗೂಡಿನಲ್ಲಿದೆ. ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟಿದ್ದಾರೆ. ಅವನು ಕಬ್ಬಿನ ಟ್ರ್ಯಾಕ್ಟರ್ ಓಡಿಸ್ತಾನೆ. ಆ ಒಂದು ಬ್ಯಾಚ್‌ನಲ್ಲೇ ನನ್ನ ಏರಿಯಿಂದ ಹೀಗೆ ಬಿಟ್ಟುಹೋದವರು ಹನ್ನೊಂದು ಜನ. ಖಾಲಿ ಜಾಗ ಒಂದು ಕಡೆ, ಅದಕ್ಕೆ ತಯಾರಾದ ಹುಡುಗರು ಇನ್ನೊಂದು ಕಡೆ. ಅವೆರಡರ ನಡುವೆ ಎರಡು ವರ್ಷ ಬಾಗಿಲು ಮುಚ್ಚಿತ್ತು.

ಅಗ್ನಿಪಥವನ್ನು ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಸೇನೆ ಎಳೆಯದಾಗಿರಬೇಕು ಅನ್ನೋದು ಸರಿ. 18,000 ಅಡಿ ಮೇಲೆ ನಲವತ್ತರ ಮಂಡಿ ಏನು ಮಾಡುತ್ತೆ ಅಂತ ನನಗೆ ಗೊತ್ತು. ಸೇವೆಯ ಅವಧಿಯನ್ನು 7ರಿಂದ 10 ವರ್ಷಕ್ಕೆ ಇಳಿಸಿ ಅಂತ ಕಾರ್ಗಿಲ್ ಪರಾಮರ್ಶೆ ಸಮಿತಿಯೂ ಹೇಳಿತ್ತು. ಹಣದ ಕಷ್ಟವೂ ಗೊತ್ತು. 2025-26ರಲ್ಲಿ ರಕ್ಷಣೆಗೆ ಇಟ್ಟಿದ್ದು 6.81 ಲಕ್ಷ ಕೋಟಿ, ಅದರಲ್ಲಿ 1.61 ಲಕ್ಷ ಕೋಟಿ ಪೆನ್ಷನ್‌ಗೇ. ಆ ಪೆನ್ಷನ್‌ನಲ್ಲಿ ನನ್ನದೂ ಇದೆ, ಅದರಿಂದಲೇ ನನ್ನ ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಅದಕ್ಕೆ ನಾನು ಋಣಿ. ಆದರೆ ಸಮಿತಿ ಹೇಳಿದ್ದು 7ರಿಂದ 10 ವರ್ಷ. ನಾವು ಮಾಡಿದ್ದು 4 ವರ್ಷ. ಅದರಲ್ಲಿ ತರಬೇತಿ, ರಜೆ ಕಳೆದರೆ ಉಳಿಯೋದು ಸುಮಾರು ಮೂರು. ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ 25 ಜನ ಉಳಿಯುತ್ತಾರೆ, 75 ಜನ ಮನೆಗೆ ಬರುತ್ತಾರೆ. ಸೇವಾ ನಿಧಿ 11.71 ಲಕ್ಷ ಕೈಗೆ ಬರುತ್ತೆ. ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಕೊಟ್ಟಿದ್ದೀರಿ. ಒಳ್ಳೇದು.

ನನಗೆ ಅರ್ಥ ಆಗದೆ ಇರೋದು ಒಂದೇ. ದೇಶ ಖರ್ಚು ಮಾಡಿ ಕಲಿಸಿದ ಆ 75 ಜನರನ್ನು ಯುದ್ಧ ಬಂದಾಗ ಹೇಗೆ ಕರೆಯುತ್ತೀರಿ? ನಮ್ಮ ಏರಿಯಿಂದ ಹೋದ ಅಗ್ನಿವೀರರನ್ನು ಕೇಳಿದೆ. ಅವರಿಗೆ ಯಾರೂ ಏನೂ ಹೇಳಿಲ್ಲ. ನಾನು ಊರಿಗೆ ಬಂದ ಮೇಲೆ ನನ್ನನ್ನೂ ಒಂದು ದಿನದ ತರಬೇತಿಗೆ ಯಾರೂ ಕರೆದಿಲ್ಲ. ನನಗಿಂತ ಚಿಕ್ಕ ವಯಸ್ಸಿನಲ್ಲಿ ಬಿಟ್ಟು ಬಂದವರನ್ನೂ ಕರೆದಿಲ್ಲ. ನಮ್ಮ ಹಿಂದಿನವರ ಕಾಲದಲ್ಲಿ ಹೀಗಿರಲಿಲ್ಲ. ಕೆಲವು ವರ್ಷ ಸೇವೆ, ಆಮೇಲೆ ಕೆಲವು ವರ್ಷ ರಿಸರ್ವ್. ಎರಡೂ ಸೇರಿ 15 ವರ್ಷ ಆದರೆ ರಿಸರ್ವಿಸ್ಟ್ ಪೆನ್ಷನ್ ಅಂತ ಒಂದು ಸಣ್ಣ ಪೆನ್ಷನ್ ಸಿಗುತ್ತಿತ್ತು. ಆ ಪದ್ಧತಿ ಇತ್ತು, ನಾವೇ ಬಿಟ್ಟೆವು.

ದೊಡ್ಡ ಯುದ್ಧ ಎಂದೂ ಶುರುವಾದಾಗ ಇದ್ದ ಸೇನೆಯಿಂದಲೇ ಮುಗಿದಿಲ್ಲ ಸರ್. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಭಾರತದ ಸೇನೆ ಸುಮಾರು 2 ಲಕ್ಷ. 1945ಕ್ಕೆ 25 ಲಕ್ಷ. ಅದಕ್ಕೂ ಮುಂಚೆ, ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾ ಊರನ್ನು ಹಿಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಅವರು ಬ್ರಿಟಿಷರ ಖಾಯಂ ಸೇನೆಯವರಲ್ಲ, ಮೈಸೂರು ಮಹಾರಾಜರ ಪಡೆಯವರು. ಆಗ ಯುದ್ಧ ದೂರದಲ್ಲಿತ್ತು, ಜನರನ್ನು ಸೇರಿಸಿ ಕಲಿಸೋಕೆ ಸಮಯ ಇತ್ತು. ನಮಗೆ ಯುದ್ಧ ಬಂದರೆ ಮನೆ ಬಾಗಿಲಿಗೇ ಬರುತ್ತೆ.

ಇವತ್ತಿನ ಉದಾಹರಣೆ ಬೇಕಾದರೆ ರಷ್ಯಾ ನೋಡಿ. ಅಷ್ಟು ದೊಡ್ಡ ಶಕ್ತಿ. 2022ರ ಫೆಬ್ರವರಿಯಲ್ಲಿ ಬೇಗ ಮುಗಿಯುತ್ತೆ ಅಂದುಕೊಂಡು ಉಕ್ರೇನ್‌ಗೆ ನುಗ್ಗಿತು. ಏಳೇ ತಿಂಗಳಿಗೆ ಜನ ಸಾಲದೆ 3 ಲಕ್ಷ ಜನರನ್ನು ಮನೆಯಿಂದ ಕರೆಸಬೇಕಾಯಿತು. ಅಮೆರಿಕದ ಭೂಸೇನೆ 2022ರಲ್ಲಿ 60 ಸಾವಿರ ಜನ ಬೇಕು ಅಂದರೆ ಸಿಕ್ಕಿದ್ದು ಸುಮಾರು 45 ಸಾವಿರ. ಆ ವರ್ಷ ಅಲ್ಲಿ ಸೇರೋರೇ ಸಾಲಲಿಲ್ಲ. ನಮ್ಮಲ್ಲಿ ಸೇರೋಕೆ ಬೆಳಿಗ್ಗೆ ಐದು ಗಂಟೆಗೆ ನಾಲೆ ಏರಿ ಮೇಲೆ ಸಾಲುಗಟ್ಟಿ ನಿಂತಿದ್ದಾರೆ. ಈ ಭಾಗ್ಯ ಯಾವ ದೇಶಕ್ಕಿದೆ ಹೇಳಿ?

ಇನ್ನು ಮುಂದೆ ಡ್ರೋನ್ ಯುದ್ಧ, ಜನ ಬೇಡ ಅನ್ನೋ ಮಾತು ಟೀವಿಯಲ್ಲಿ ಜಾಸ್ತಿ ಕೇಳುತ್ತಿದೆ. ಡ್ರೋನ್ ಬೇಕು, ನಾನು ಬೇಡ ಅನ್ನಲ್ಲ. ಆದರೆ ಡ್ರೋನ್ ಬಳಸೋದರಲ್ಲಿ ಉಕ್ರೇನ್‌ಗಿಂತ ಪಳಗಿದವರು ಕಡಿಮೆ. ಅದೇ ಉಕ್ರೇನ್ 2024ರ ಏಪ್ರಿಲ್‌ನಲ್ಲಿ ಕಡ್ಡಾಯ ಸೇರ್ಪಡೆಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಡ್ರೋನ್ ಇದ್ದರೂ ಕಂದಕದಲ್ಲಿ ಕೂರೋಕೆ ಜನ ಸಾಲಲಿಲ್ಲ. ಚೀನಾ 2015ರಲ್ಲಿ 3 ಲಕ್ಷ ಜನರನ್ನು ಕಡಿಮೆ ಮಾಡಿತಲ್ಲ, ನಾವು ಯಾಕೆ ಮಾಡಬಾರದು ಅಂತಲೂ ಕೇಳುತ್ತಾರೆ. ಚೀನಾಕ್ಕೆ ನಿಯಂತ್ರಣ ರೇಖೆ ಇಲ್ಲ, ಸಿಯಾಚಿನ್ ಇಲ್ಲ. ಲಾಸಾವರೆಗೆ 2006ರಲ್ಲೇ ರೈಲು ಹಾಕಿಕೊಂಡಿದೆ. ರೈಲಿದ್ದವನು ಹಿಂದೆ ಕೂತು ಕಾಯಬಹುದು. ನಾವು ಮೊದಲೇ ಮೇಲೆ ಹತ್ತಿ ನಿಂತಿರಬೇಕು.

ಮದ್ದುಗುಂಡಿನ ಬಗ್ಗೆ ಒಂದೇ ಮಾತು. 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿಯ ವರದಿ ಬಂತು. 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆ 10 ದಿನದ ಯುದ್ಧಕ್ಕೂ ಸಾಲದು ಅಂತ. ಇರಬೇಕಾದದ್ದು 40 ದಿನಕ್ಕೆ. ಆಮೇಲೆ ದೇಶದಲ್ಲೇ ತಯಾರಿ ಜಾಸ್ತಿ ಆಗಿದೆ ಅಂತ ತಾವೇ ಹೇಳಿದ್ದೀರಿ, ಸಂತೋಷ. ಗುಂಡಿಗೆ ಇಷ್ಟು ದಿನದ ದಾಸ್ತಾನು ಇರಬೇಕು ಅಂತ ಲೆಕ್ಕ ಇದೆ. ಮನುಷ್ಯರಿಗೆ ಆ ಲೆಕ್ಕ ಯಾಕಿಲ್ಲ?

ನಾನು ಕೇಳೋದು ಇಷ್ಟು. ಮೊದಲನೆಯದಾಗಿ ಖಾಲಿ ಜಾಗ ತುಂಬಿ. ಎಷ್ಟು ವರ್ಷದಲ್ಲಿ, ವರ್ಷಕ್ಕೆ ಎಷ್ಟು ಜನ ಅಂತ ಸಂಸತ್ತಿನಲ್ಲಿ ಹೇಳಿ, ಅದರಂತೆ ಮಾಡಿ. ಮುಂದೆ ಯಾವ ಕಾರಣಕ್ಕಾದರೂ ಭರ್ತಿ ನಿಂತರೆ, ನಿಂತಷ್ಟು ದಿನ ಹುಡುಗರ ವಯಸ್ಸಿಗೆ ವಿನಾಯಿತಿ ತಾನಾಗಿಯೇ ಸಿಗೋ ಹಾಗೆ ನಿಯಮ ಮಾಡಿ. ದೇವರ ಗೂಡಿನಲ್ಲಿ ಇನ್ನೊಂದು ಅಡ್ಮಿಟ್ ಕಾರ್ಡ್ ಕೂರಬಾರದು.

ಅಗ್ನಿವೀರರಲ್ಲಿ ಕಡೇಪಕ್ಷ ಅರ್ಧದಷ್ಟು ಜನರನ್ನು ಉಳಿಸಿಕೊಳ್ಳಿ. ಇಂಜಿನಿಯರ್ಸ್, ಸಿಗ್ನಲ್ಸ್, ಟ್ಯಾಂಕು, ತೋಪು, ಇಂಥ ಕಡೆ ಇನ್ನೂ ಜಾಸ್ತಿ ಬೇಕು. ಅಲ್ಲಿ ಕೆಲಸ ಕೈಗೆ ಹತ್ತೋ ಹೊತ್ತಿಗೇ ನಾಲ್ಕು ವರ್ಷ ಮುಗಿದಿರುತ್ತೆ. ಮೈನಿನ ಮುಂದೆ ಮಲಗೋ ಹುಡುಗನ ಪಕ್ಕದಲ್ಲಿ ಅದು ತಿಳಿದ ಕೈಯೊಂದು ಇರಲೇಬೇಕು.

ನನ್ನ ಮುಖ್ಯ ಬೇಡಿಕೆ ಇನ್ನೊಂದಿದೆ. ಮನೆಗೆ ಬರೋ 75 ಜನರನ್ನು ರಿಸರ್ವ್ ಅಂತ ಬರೆದುಕೊಳ್ಳಿ. ಹತ್ತು ವರ್ಷ ಅವರ ಹೆಸರು ಒಂದು ರೆಜಿಮೆಂಟ್‌ನ ಪುಸ್ತಕದಲ್ಲಿರಲಿ. ವರ್ಷಕ್ಕೆ ಹದಿನೈದು ದಿನ ಕರೆಯಿರಿ, ಗುಂಡು ಹಾರಿಸಲಿ, ಹೊಸ ಸಾಮಾನು ಕಲಿಯಲಿ. ಆ ದಿನಗಳಿಗೆ ಸಂಬಳ ಕೊಡಿ. ತಿಂಗಳಿಗೆ ಒಂದು ಸಣ್ಣ ಭತ್ಯೆ ಕೊಡಿ. ಅವರಿಗೆ ಕೆಲಸ ಕೊಟ್ಟ ಕಂಪನಿ ಆ ಹದಿನೈದು ದಿನಕ್ಕೆ ಕೆಲಸದಿಂದ ತೆಗೆಯಬಾರದು ಅಂತ ಕಾನೂನು ಮಾಡಿ. ನಮ್ಮ ಜಿಲ್ಲೆಯಲ್ಲೇ ತರಬೇತಿ ನಡೆದರೆ ಹುಡುಗರು ಕಬ್ಬು ಬಿಟ್ಟು ದೂರ ಹೋಗಬೇಕಾಗಿಲ್ಲ. ಇದು ಹೊಸದೇನಲ್ಲ. ಬೇರೆ ಕೆಲಸ ಮಾಡಿಕೊಂಡೇ ಬಿಡುವಿನಲ್ಲಿ ಸೇವೆ ಮಾಡೋರ ಟೆರಿಟೋರಿಯಲ್ ಆರ್ಮಿ 1949ರಿಂದ ನಮ್ಮಲ್ಲಿದೆ. 2025ರ ಮೇನಲ್ಲಿ ಅದರ 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಕರೆಸಿಕೊಳ್ಳಲು ತಾವೇ ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟಿರಿ. ನಾಲ್ಕು ದಿನದ ಯುದ್ಧಕ್ಕೇ ಅದು ಬೇಕು ಅನ್ನಿಸಿತು ಅಂದರೆ ದೊಡ್ಡದಕ್ಕೆ ಎಷ್ಟು ಬೇಕಾಗಬಹುದು? ವರ್ಷವರ್ಷ ಹೊರಗೆ ಬರೋ ಸಾವಿರಾರು ಹುಡುಗರು ಹತ್ತು ವರ್ಷ ರಿಸರ್ವ್‌ನಲ್ಲಿದ್ದರೆ ಲಕ್ಷಗಟ್ಟಲೆ ಜನರ ಕಟ್ಟೆ ತಾನೇ ತುಂಬುತ್ತೆ. ಖಾಯಂ ಸೇನೆಯ ಪೆನ್ಷನ್ ಭಾರಕ್ಕೆ ಹೋಲಿಸಿದರೆ ಖರ್ಚೂ ಕಡಿಮೆ.

ನಿವೃತ್ತ ಹವಾಲ್ದಾರ್‌ಗಳು, ಸುಬೇದಾರ್‌ಗಳು ಮಂಡ್ಯ ಜಿಲ್ಲೆಯಲ್ಲೂ, ಮೈಸೂರು ಜಿಲ್ಲೆಯಲ್ಲೂ ಬೇಕಾದಷ್ಟು ಜನ ಇದ್ದೇವೆ. ಕಾವೇರಿಯ ಮೇಲಿನ ಕೊಡಗಿನಲ್ಲಂತೂ ಹೇಳೋದೇ ಬೇಡ, ಕಾರ್ಯಪ್ಪ, ತಿಮ್ಮಯ್ಯನವರ ನೆಲ ಅದು. ಸುಮ್ನೆ ಕೂತಿದ್ದೇವೆ. ಕಲಿಸಿ ಅಂದರೆ ಕಲಿಸುತ್ತೇವೆ. ಸಂಬಳ ಕೇಳಲ್ಲ.

ನನ್ನ ಏರಿಯಿಂದ ಮೊದಲ ಅಗ್ನಿವೀರನಾಗಿ ಹೋದವನು 2022ರ ಡಿಸೆಂಬರ್‌ನಲ್ಲಿ ರೈಲು ಹತ್ತಿದ. ಈಗ ಅವನು ಉತ್ತರದ ಬೆಟ್ಟದಲ್ಲಿದ್ದಾನೆ. ಸೇತುವೆ ಕಟ್ಟೋ ಕೆಲಸ ಕಲಿತಿದ್ದಾನೆ, ಈಗೀಗ ಕೈಗೆ ಹತ್ತುತ್ತಾ ಇದೆ ಅಂತ ಫೋನ್ ಮಾಡಿದಾಗ ಹೇಳ್ತಾನೆ. 2026ರ ಕೊನೆಗೆ ಅವನ ನಾಲ್ಕು ವರ್ಷ ಮುಗಿಯುತ್ತೆ. ಉಳಿಸಿಕೊಳ್ಳೋ 25ರಲ್ಲಿ ಅವನ ಹೆಸರು ಇರುತ್ತೋ ಇಲ್ಲವೋ ಗೊತ್ತಿಲ್ಲ. ಹೋದ ವಾರ ಅವನ ಅಮ್ಮ ನಮ್ಮ ಮನೆಗೆ ಬಂದಿದ್ದರು. "ಅಣ್ಣ, ವಾಪಸ್ ಕಳಿಸ್ಬುಟ್ರೆ ಆಮೇಕೆ ಯುದ್ಧ ಬಂದ್ರೆ ಇವನ್ನ ಕರೀತಾರಾ, ಇಲ್ವಾ?" ಅಂತ ಕೇಳಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮಗ ಕಲಿತಿದ್ದು ದೇಶಕ್ಕೆ ಬೇಕೋ ಬೇಡವೋ ಅಂತ ತಿಳಿಯಬೇಕಾಗಿತ್ತು ಅಷ್ಟೆ.

ಅವನು ಊರಿಗೆ ಬರೋ ಮುಂಚೆ ಅವರಿಗೆ ಒಂದು ಉತ್ತರ ಕೊಡಿ ಸರ್.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ